ಪಾಕ ಬದಲಾದರೆ ಬಾಳಿಕೆಯೂ ಬದಲು: ಆಹಾರ ಪದಾರ್ಥಗಳಲ್ಲಿ ಸೂಕ್ಷ್ಮಾಣುಗಳ ಬೆಳವಣಿಗೆ

ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಸಿಹಿ ತಿನಿಸು, ದೋಸೆ ಹಿಟ್ಟು, ಸಿದ್ಧ ಗೊಜ್ಜು ಮೊದಲಾದ ಆಹಾರ ಪದಾರ್ಥಗಳ ತಯಾರಿಕೆಯು ರಾಜ್ಯದ ಸಣ್ಣ ಉದ್ದಿಮೆಗಳಲ್ಲಿ ಗಣನೀಯ ಸ್ಥಾನ ಪಡೆದಿದೆ. ಇವುಗಳ ಪೈಕಿ ಬಹುಪಾಲು ಪದಾರ್ಥಗಳು ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪಾಕವಿಧಾನವನ್ನೇ ಆಧರಿಸಿವೆ. ಈ ಪಾಕಗಳಲ್ಲಿ ಬಳಸುವ ಉಪ್ಪು, ಹುಳಿ, ಬೆಲ್ಲ, ಎಣ್ಣೆ ಹಾಗೂ ಬಿಸಿಲಿನ ಒಣಗಿಸುವಿಕೆ ರುಚಿಯನ್ನು ನೀಡುವುದರ ಜೊತೆಗೆ ಪದಾರ್ಥ ಕೆಡದಂತೆ ಕಾಯುವ ಕೆಲಸವನ್ನೂ ಮಾಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಹಕರ ಅಭಿರುಚಿ ಬದಲಾಗಿದ್ದು, ಉಪ್ಪು ಕಡಿಮೆ ಇರುವ, ಸಕ್ಕರೆರಹಿತ, ಸಂರಕ್ಷಕರಹಿತ ಪದಾರ್ಥಗಳಿಗೆ ಬೇಡಿಕೆ ಕಂಡುಬಂದಿದೆ. ಬೇಡಿಕೆಗೆ ತಕ್ಕಂತೆ ಪಾಕವನ್ನು ಬದಲಿಸುವ ಉದ್ದಿಮೆದಾರರು, ಪೊಟ್ಟಣದ ಮೇಲೆ ಮಾತ್ರ ಹಳೆಯ ಬಾಳಿಕೆ ಅವಧಿಯನ್ನೇ ಮುದ್ರಿಸುವುದುಂಟು. ಅಪಾಯವಿರುವುದು ಇಲ್ಲಿಯೇ.

ಇದಕ್ಕೆ ಬ್ರಿಟನ್ನಿನಲ್ಲಿ 1989ರ ಜೂನ್ ತಿಂಗಳಿನಲ್ಲಿ ನಡೆದ ಘಟನೆಯೊಂದು ಸ್ಪಷ್ಟ ನಿದರ್ಶನವಾಗಿದೆ. ಹೇಜಲ್‌ನಟ್ ಎಂಬ ಬೀಜದ ರುಚಿಯುಳ್ಳ ಯೋಗರ್ಟ್ ಸೇವಿಸಿದ 27 ಮಂದಿ ಬಾಟ್ಯುಲಿಸಂ ಎಂಬ ನರಸಂಬಂಧಿ ವಿಷಬಾಧೆಗೆ ತುತ್ತಾದರು, ಒಬ್ಬರು ಮೃತಪಟ್ಟರು. ದೋಷವಿದ್ದುದು ಯೋಗರ್ಟಿನಲ್ಲಿ ಅಲ್ಲ, ಅದಕ್ಕೆ ಬೆರೆಸಲು ಬೇರೊಬ್ಬ ತಯಾರಕರಿಂದ ಡಬ್ಬಿಗಳಲ್ಲಿ ಖರೀದಿಸಿದ್ದ ಹೇಜಲ್‌ನಟ್ ಪಾಕದಲ್ಲಿ. ಆ ಪಾಕದಲ್ಲಿ ಸಕ್ಕರೆಯ ಬದಲಿಗೆ ಕೃತಕ ಸಿಹಿಕಾರಕವನ್ನು ಬಳಸಲಾಗಿತ್ತು. ಸಕ್ಕರೆ ಹೆಚ್ಚಾಗಿದ್ದಾಗ ರೋಗಾಣುವಿಗೆ ಬೇಕಾದ ನೀರು ದೊರಕುತ್ತಿರಲಿಲ್ಲ. ಸಿಹಿಕಾರಕವು ಸಿಹಿಯನ್ನು ನೀಡಿತೇ ಹೊರತು ನೀರನ್ನು ಹಿಡಿದಿಡಲಿಲ್ಲ. ಡಬ್ಬಿಗಳಿಗೆ ನೀಡಿದ ಶಾಖವೂ ರೋಗಾಣುವಿನ ಬೀಜಕಗಳನ್ನು ಕೊಲ್ಲಲು ಸಾಲದಾಗಿತ್ತು. ಪಾಕದ ಒಂದೇ ಒಂದು ವಸ್ತು ಬದಲಾದುದರಿಂದ ಇಡೀ ರಕ್ಷಣೆ ಕುಸಿಯಿತು.

ಆದುದರಿಂದ ತಮ್ಮ ಪದಾರ್ಥವನ್ನು ಕೆಡದಂತೆ ಕಾಯುತ್ತಿರುವ ಅಂಶ ಯಾವುದು ಎಂಬುದನ್ನು ಪ್ರತಿಯೊಬ್ಬ ತಯಾರಕರೂ ಅರಿತಿರುವುದು ಅಗತ್ಯ. ಸೂಕ್ಷ್ಮಾಣುಗಳ ಬೆಳವಣಿಗೆಯ ಮೇಲೆ ಪ್ರಭಾವ ಬೀರುವ ಮುಖ್ಯ ಅಂಶಗಳನ್ನು ಈ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಬೆಳವಣಿಗೆಯ ಲೆಕ್ಕ

ಆಹಾರವನ್ನು ಕೆಡಿಸುವ ಸೂಕ್ಷ್ಮಾಣುಗಳಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟು ಎಂಬ ಮೂರು ಮುಖ್ಯ ವರ್ಗಗಳಿವೆ. ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅನುಕೂಲಕರ ಸನ್ನಿವೇಶದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಂತೆ ಒಂದು ಬ್ಯಾಕ್ಟೀರಿಯಾ 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ.

ವರ್ತಕರಿಗೆ ಪರಿಚಿತವಾದ ಚಕ್ರಬಡ್ಡಿಯ ಲೆಕ್ಕಕ್ಕೆ ಇದನ್ನು ಹೋಲಿಸಬಹುದು. ಪದಾರ್ಥದಲ್ಲಿ ಆರಂಭದಲ್ಲಿರುವ ಸೂಕ್ಷ್ಮಾಣುಗಳ ಸಂಖ್ಯೆ ಅಸಲು. ಅವು ಬೆಳೆಯುವ ವೇಗ ಬಡ್ಡಿಯ ದರ. ಸ್ವಚ್ಛತೆಯಿಂದ ಅಸಲು ಕಡಿಮೆಯಾಗುತ್ತದೆ. ಆದರೆ ಅಸಲು ಸಾವಿರ ಪಟ್ಟು ಕಡಿಮೆಯಾದರೂ ಮೇಲಿನ ವೇಗದಲ್ಲಿ ದೊರೆಯುವ ಕಾಲಾವಕಾಶ ಸುಮಾರು 3 ಗಂಟೆ 20 ನಿಮಿಷ ಮಾತ್ರ. ಪದಾರ್ಥವು ವಾರ, ತಿಂಗಳುಗಳ ಕಾಲ ನಿಲ್ಲಬೇಕಾದರೆ ಬಡ್ಡಿಯ ದರವನ್ನೇ ಇಳಿಸಬೇಕು. ನೀರು, ಹುಳಿ, ಉಷ್ಣತೆ ಮತ್ತು ಗಾಳಿ ಈ ದರವನ್ನು ನಿರ್ಧರಿಸುತ್ತವೆ. ಸ್ವಚ್ಛತೆ ಅನಿವಾರ್ಯವಾದರೂ ಅದೊಂದೇ ಸಾಲದು ಎಂಬುದನ್ನು ಇದರಿಂದ ತಿಳಿಯಬಹುದು.

ನೀರು: ಎಷ್ಟಿದೆ ಎಂಬುದಕ್ಕಿಂತ ಎಷ್ಟು ದೊರಕುತ್ತದೆ ಎಂಬುದು ಮುಖ್ಯ

ಪದಾರ್ಥದಲ್ಲಿರುವ ನೀರೆಲ್ಲವೂ ಸೂಕ್ಷ್ಮಾಣುಗಳಿಗೆ ದೊರಕುವುದಿಲ್ಲ. ಉಪ್ಪು, ಸಕ್ಕರೆ, ಬೆಲ್ಲ ಮೊದಲಾದವು ನೀರಿನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಳಿದು ದೊರಕುವ ನೀರನ್ನು 'ವಾಟರ್ ಆಕ್ಟಿವಿಟಿ' ಎಂಬ ಅಳತೆಯಿಂದ ಸೂಚಿಸಲಾಗುತ್ತದೆ; ಇದನ್ನು ಲಭ್ಯಜಲವೆಂದು ಕರೆಯಬಹುದು. ಶುದ್ಧ ನೀರಿನ ಲಭ್ಯಜಲ 1.00, ಪೂರ್ಣ ಒಣಗಿದ ವಸ್ತುವಿನದು 0. ಆಸ್ಟ್ರೇಲಿಯಾದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ ಅವರು 1953ರಲ್ಲಿ ಪ್ರಕಟಿಸಿದ ಅಧ್ಯಯನವು ಬ್ಯಾಕ್ಟೀರಿಯಾದ ಬೆಳವಣಿಗೆಗೂ ಈ ಅಳತೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿತು.

ಆಹಾರ ಕೆಡಿಸುವ ಬಹುತೇಕ ಬ್ಯಾಕ್ಟೀರಿಯಾಗಳು ಲಭ್ಯಜಲ 0.91ಕ್ಕಿಂತ ಕೆಳಗೆ ಬೆಳೆಯಲಾರವು. ಸ್ಟೆಫಿಲೋಕಾಕಸ್ ಆರಿಯಸ್ ಎಂಬ ರೋಗಾಣು ಮಾತ್ರ 0.86ರವರೆಗೂ ಬೆಳೆಯಬಲ್ಲದು. ಯೀಸ್ಟ್‌ಗಳು ಸಾಮಾನ್ಯವಾಗಿ 0.88ರವರೆಗೆ, ಬೂಷ್ಟುಗಳು 0.80ರವರೆಗೆ ಬೆಳೆಯುತ್ತವೆ. ಒಣಗಿದ ವಾತಾವರಣಕ್ಕೆ ಒಗ್ಗಿಕೊಂಡ ಕೆಲವೇ ಬೂಷ್ಟು ಮತ್ತು ಯೀಸ್ಟ್‌ಗಳು 0.61ರವರೆಗೂ ಬೆಳೆಯುವುದುಂಟು. 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಾಣುವೂ ಬೆಳೆಯುವುದಿಲ್ಲ.

ತೇವಾಂಶದ ಶೇಕಡಾವಾರು ಪ್ರಮಾಣವೊಂದನ್ನೇ ನೋಡುವುದು ಏಕೆ ಸಾಲದು ಎಂಬುದಕ್ಕೆ ಒಂದು ಹೋಲಿಕೆ ಸಾಕು. ಶೇ. 30ರಷ್ಟು ತೇವಾಂಶವಿರುವ ಹಣ್ಣಿನ ಜಾಮ್ ತಿಂಗಳುಗಟ್ಟಲೆ ನಿಲ್ಲುತ್ತದೆ, ಶೇ. 10ರಷ್ಟು ತೇವಾಂಶವಿರುವ ಶೇಂಗಾ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಜಾಮ್‌ನಲ್ಲಿರುವ ನೀರನ್ನು ಸಕ್ಕರೆ ಹಿಡಿದಿಟ್ಟಿರುತ್ತದೆ. ಎಣ್ಣೆಯೇ ಹೆಚ್ಚಾಗಿರುವ ಶೇಂಗಾದಲ್ಲಿ ನೀರನ್ನು ಹಿಡಿದಿಡುವ ಭಾಗ ಕಡಿಮೆ.

ಸುತ್ತಲಿನ ಗಾಳಿಯ ತೇವವೂ ಅಷ್ಟೇ ಮುಖ್ಯ. ತೆರೆದಿಟ್ಟ ಪದಾರ್ಥವು ಕ್ರಮೇಣ ಸುತ್ತಲಿನ ಗಾಳಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85 ಇದ್ದರೆ ಅಲ್ಲಿ ತೆರೆದಿಟ್ಟ ಪುಡಿಯ ಲಭ್ಯಜಲ 0.85ರತ್ತ ಏರುತ್ತದೆ, ಬೂಷ್ಟಿಗೆ ಇಷ್ಟು ಸಾಕು. ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಆರು ತಿಂಗಳು ನಿಂತ ಚಟ್ನಿಪುಡಿಯು ಮಳೆಗಾಲದಲ್ಲಿ ಕರಾವಳಿಯ ಅಂಗಡಿಯಲ್ಲಿ ಅಷ್ಟೇ ಕಾಲ ನಿಲ್ಲುವುದೆಂದು ಭಾವಿಸಲಾಗದು. ಪುಡಿಯನ್ನು ಬಿಸಿಯಿರುವಾಗಲೇ ಪೊಟ್ಟಣ ಕಟ್ಟಿದರೆ ಆವಿಯು ಒಳಮೈಯಲ್ಲಿ ಹನಿಗಟ್ಟಿ, ಆ ಜಾಗದಲ್ಲಿ ಬೂಷ್ಟು ಮೊದಲು ಕಾಣಿಸಿಕೊಳ್ಳುತ್ತದೆ.

ಧಾನ್ಯದ ವರ್ತಕರಿಗೂ ಇದು ಅನ್ವಯಿಸುತ್ತದೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಲವು ಗ್ರಾಮಗಳಲ್ಲಿ ಅಕಾಲಿಕ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ ಹಾಗೂ ಮೆಕ್ಕೆಜೋಳವನ್ನು ಸೇವಿಸಿದ ಜನರು ಹೊಟ್ಟೆನೋವು ಮತ್ತು ಅತಿಸಾರದಿಂದ ಬಳಲಿದರು. ಬೂಷ್ಟು ಉತ್ಪಾದಿಸಿದ ಫ್ಯುಮೋನಿಸಿನ್ ಎಂಬ ವಿಷವಸ್ತುವು ಆ ಧಾನ್ಯದಲ್ಲಿ ಪತ್ತೆಯಾಯಿತು. ಇಂತಹ ವಿಷವಸ್ತುಗಳು ಧಾನ್ಯವನ್ನು ಮತ್ತೆ ಒಣಗಿಸಿದರೂ, ಬೂಷ್ಟನ್ನು ಒರೆಸಿ ತೆಗೆದರೂ ಉಳಿದುಕೊಳ್ಳುತ್ತವೆ.

ಹುಳಿಯ ಪ್ರಮಾಣ

ಆಮ್ಲತೆಯನ್ನು ಪಿಎಚ್ ಎಂಬ ಅಳತೆಯಿಂದ ತಿಳಿಯಲಾಗುತ್ತದೆ. ಪಿಎಚ್ 7 ತಟಸ್ಥ. ಅಂಕಿ ಇಳಿದಂತೆ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲತೆ 10 ಪಟ್ಟು ಏರುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5, ಮೊಸರಿನದು 4ರಿಂದ 4.5, ಹಾಲಿನದು 6.6ರಿಂದ 6.8ರ ಆಸುಪಾಸಿನಲ್ಲಿರುತ್ತದೆ.

ಆಹಾರೋದ್ಯಮದಲ್ಲಿ ನೆನಪಿಡಬೇಕಾದ ಅಂಕಿ 4.6. ಪಿಎಚ್ ಇದಕ್ಕಿಂತ ಕೆಳಗಿದ್ದರೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಅತ್ಯಂತ ಅಪಾಯಕಾರಿ ರೋಗಾಣು ಬೆಳೆದು ವಿಷವನ್ನು ಉತ್ಪಾದಿಸಲಾರದು. ಮಾವು, ನಿಂಬೆ, ಹುಣಸೆಯಂತಹ ವಸ್ತುಗಳು ಸ್ವಭಾವತಃ ಈ ಮಿತಿಯ ಕೆಳಗಿವೆ. ಕ್ಯಾರೆಟ್, ಹಾಗಲಕಾಯಿ, ಅಣಬೆ, ಬೆಳ್ಳುಳ್ಳಿ, ತೆಂಗಿನಕಾಯಿ ಇವು ಮಿತಿಯ ಮೇಲಿವೆ. ಮಾವಿನಕಾಯಿಯ ಉಪ್ಪಿನಕಾಯಿ ತಯಾರಿಸುತ್ತಿದ್ದವರು ಅದೇ ಮಸಾಲೆಯಲ್ಲಿ ತರಕಾರಿಯ ಉಪ್ಪಿನಕಾಯಿ ಆರಂಭಿಸಿದಾಗ ಕಾವಲಾಗಿದ್ದ ಹುಳಿ ಅಲ್ಲಿ ಇರುವುದಿಲ್ಲ. ನಿಂಬೆರಸ, ವಿನೆಗರ್ ಅಥವಾ ಅನುಮತಿಸಲಾದ ಆಮ್ಲದ ಮೂಲಕ ಅದನ್ನು ಒದಗಿಸಬೇಕು. ಹುಳಿಯು ರಸದಲ್ಲಿದ್ದರಷ್ಟೇ ಸಾಲದು. ಹೋಳಿನ ಒಳಭಾಗಕ್ಕೂ ಇಳಿದಿರಬೇಕು. ಹೋಳು ಮತ್ತು ರಸವನ್ನು ಒಟ್ಟಿಗೆ ರುಬ್ಬಿ ಪರೀಕ್ಷಿಸುವುದರ ಜೊತೆಗೆ ಹೋಳಿನ ಪಿಎಚ್ ಅನ್ನು ಪ್ರತ್ಯೇಕವಾಗಿ ಅಳೆಯುವುದು ಸೂಕ್ತ.

ಯೀಸ್ಟ್ ಮತ್ತು ಬೂಷ್ಟುಗಳಿಗೆ ಹುಳಿಯ ಭಯ ಕಡಿಮೆ. ಉಪ್ಪಿನಕಾಯಿಯ ಮೇಲ್ಭಾಗದಲ್ಲಿ ಬೆಳೆಯುವ ಬೂಷ್ಟು ಆಮ್ಲವನ್ನೇ ಬಳಸಿಕೊಂಡು ಪಿಎಚ್ ಅನ್ನು ಏರಿಸುವ ಸಂಭವವಿದೆ. ಆದುದರಿಂದ ಮೇಲಿನ ಪದರವನ್ನು ತೆಗೆದು ಉಳಿದುದನ್ನು ಮಾರುವ ರೂಢಿ ಸರಿಯಲ್ಲ.

ಸಂರಕ್ಷಕಗಳ ಬಳಕೆಯೂ ಹುಳಿಯನ್ನು ಅವಲಂಬಿಸಿದೆ. ಸೋಡಿಯಂ ಬೆಂಜೋಯೇಟ್ ಪರಿಣಾಮಕಾರಿಯಾಗುವುದು ಹುಳಿ ಪದಾರ್ಥಗಳಲ್ಲಿ ಮಾತ್ರ. ಹುಳಿಯಿಲ್ಲದ ಪದಾರ್ಥಕ್ಕೆ ಅದನ್ನು ಬೆರೆಸಿದರೆ ಖರ್ಚು ಬರುತ್ತದೆಯೇ ಹೊರತು ರಕ್ಷಣೆ ದೊರಕುವುದಿಲ್ಲ.

ಉಷ್ಣತೆ

5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯನ್ನು ಅಪಾಯ ವಲಯವೆಂದು ಪರಿಗಣಿಸಲಾಗಿದೆ. ರೋಗಾಣುಗಳು ಶೀಘ್ರವಾಗಿ ಬೆಳೆಯುವುದು ದೇಹದ ಉಷ್ಣತೆಯಾದ 37 ಡಿಗ್ರಿಯ ಆಸುಪಾಸಿನಲ್ಲಿ. ಬಿಸಿ ಆಹಾರವನ್ನು 60 ಡಿಗ್ರಿಗಿಂತ ಮೇಲೆ, ತಂಪು ಆಹಾರವನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕೆಂಬ ನಿಯಮಕ್ಕೆ ಇದೇ ಕಾರಣ.

ಕುದಿಸಿದ ಪದಾರ್ಥಗಳ ಕುರಿತು ಮೂರು ತಪ್ಪು ಕಲ್ಪನೆಗಳು ರೂಢಿಯಲ್ಲಿವೆ. ಮೊದಲನೆಯದು, ಕುದಿಸಿದರೆ ಎಲ್ಲವೂ ಸಾಯುತ್ತದೆ ಎಂಬುದು. ಕೆಲವು ಬ್ಯಾಕ್ಟೀರಿಯಾಗಳು ಬೀಜಕವೆಂಬ ಗಟ್ಟಿಯಾದ ಸುಪ್ತರೂಪವನ್ನು ತಾಳಿ ಕುದಿಯುವ ನೀರಿನಲ್ಲೂ ಬದುಕುಳಿಯುತ್ತವೆ. ಬಾಟ್ಯುಲಿನಮ್ ಬೀಜಕಗಳನ್ನು ನಾಶಪಡಿಸಲು ಪದಾರ್ಥದ ಮಧ್ಯಭಾಗದಲ್ಲಿ 121 ಡಿಗ್ರಿ ಉಷ್ಣತೆ ಸುಮಾರು 3 ನಿಮಿಷ ಇರಬೇಕು; ಒತ್ತಡದ ರಿಟಾರ್ಟ್ ಯಂತ್ರವಿಲ್ಲದೆ ಇದು ಸಾಧ್ಯವಿಲ್ಲ. ಎರಡನೆಯದು, ಕೆಟ್ಟುದನ್ನು ಮತ್ತೆ ಬಿಸಿ ಮಾಡಿದರೆ ಸರಿಯಾಗುತ್ತದೆ ಎಂಬುದು. ಸ್ಟೆಫಿಲೋಕಾಕಸ್ ಹಾಗೂ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಉತ್ಪಾದಿಸುವ, ವಾಂತಿ ತರಿಸುವ ವಿಷಗಳು ಕುದಿಸಿದರೂ ಉಳಿಯುತ್ತವೆ. ಮೂರನೆಯದು, ಶೀತಕದಲ್ಲಿಟ್ಟರೆ ಬೆಳವಣಿಗೆ ನಿಂತೇಹೋಗುತ್ತದೆ ಎಂಬುದು. ಶೀತಕವು ವೇಗವನ್ನು ಇಳಿಸುತ್ತದೆ, ಅಷ್ಟೇ. ಲಿಸ್ಟೀರಿಯಾದಂತಹ ರೋಗಾಣು ಶೀತಕದ ಉಷ್ಣತೆಯಲ್ಲೂ ನಿಧಾನವಾಗಿ ಬೆಳೆಯುತ್ತದೆ.

ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಅನ್ನ, ಪಲ್ಯ, ಹೂರಣ ಮುಂತಾದವುಗಳ ಮಧ್ಯಭಾಗವು ತಣ್ಣಗಾಗಲು ಹಲವು ಗಂಟೆಗಳು ಬೇಕು. ಕುದಿತಕ್ಕೆ ಬದುಕುಳಿದ ಬೀಜಕಗಳು ಮೊಳೆತು ಬೆಳೆಯಲು ಈ ಅವಧಿಯೇ ಅವಕಾಶ ನೀಡುತ್ತದೆ. ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗನೆ ತಣಿಸುವುದು ಖರ್ಚಿಲ್ಲದ ಪರಿಹಾರವಾಗಿದೆ.

ಗಾಳಿ ಮತ್ತು ಪ್ಯಾಕಿಂಗ್

ಬೂಷ್ಟಿನ ಬೆಳವಣಿಗೆಗೆ ಆಮ್ಲಜನಕ ಅವಶ್ಯ. ಗಾಳಿ ತೆಗೆದ ಅಥವಾ ಸಾರಜನಕ ತುಂಬಿದ ಪೊಟ್ಟಣಗಳಲ್ಲಿ ಬೂಷ್ಟು ಹಿಂದೆ ಸರಿಯುತ್ತದೆ. ಆದರೆ ಬಾಟ್ಯುಲಿನಮ್ ಬೆಳೆಯುವುದೇ ಗಾಳಿಯಿಲ್ಲದ ಕಡೆ. ಹುಳಿಯಿಲ್ಲದ, ನೀರಿರುವ ಪದಾರ್ಥವನ್ನು ಗಾಳಿ ತೆಗೆದು ಸಾಮಾನ್ಯ ಉಷ್ಣತೆಯಲ್ಲಿ ಇಡುವುದು, ಕಣ್ಣಿಗೆ ಕಾಣುವ ಬೂಷ್ಟನ್ನು ತಡೆದು ಕಾಣದ ವಿಷಕ್ಕೆ ದಾರಿ ಮಾಡಿಕೊಟ್ಟಂತೆ. ಬೂಷ್ಟು ಕಂಡರೆ ಗ್ರಾಹಕರು ಪೊಟ್ಟಣವನ್ನು ಹಿಂದಿರುಗಿಸುತ್ತಾರೆ. ಬಾಟ್ಯುಲಿಸಂ ವಿಷವು ಅನೇಕ ವೇಳೆ ಬಣ್ಣ, ವಾಸನೆಗಳಲ್ಲಿ ಯಾವ ಸೂಚನೆಯನ್ನೂ ನೀಡದು.

ಎಣ್ಣೆಯ ಕುರಿತೂ ಇದೇ ಎಚ್ಚರ ಅಗತ್ಯ. ಕೆನಡಾದ ವ್ಯಾಂಕೂವರ್ ನಗರದ ಉಪಾಹಾರ ಗೃಹವೊಂದರಲ್ಲಿ 1985ರಲ್ಲಿ ಆಹಾರ ಸೇವಿಸಿದ 36 ಮಂದಿ ಬಾಟ್ಯುಲಿಸಂಗೆ ತುತ್ತಾದರು. ಕಾರಣ, ಸೋಯಾ ಎಣ್ಣೆಯಲ್ಲಿ ಮುಳುಗಿಸಿ ಶೀತಕದ ಹೊರಗೆ ಇರಿಸಿದ್ದ ಹೆಚ್ಚಿದ ಬೆಳ್ಳುಳ್ಳಿ. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಂತಹುದೇ ಪದಾರ್ಥದಿಂದ 3 ಮಂದಿ ಬಾಧಿತರಾದ ನಂತರ, ಎಣ್ಣೆಯಲ್ಲಿನ ಬೆಳ್ಳುಳ್ಳಿಗೆ ಆಮ್ಲ ಅಥವಾ ಸೂಕ್ಷ್ಮಾಣು ನಿರೋಧಕವನ್ನು ಸೇರಿಸಬೇಕೆಂದು ಅಲ್ಲಿನ ಸರ್ಕಾರ ಸೂಚಿಸಿತು. ಎಣ್ಣೆ ಗಾಳಿಯನ್ನು ತಡೆಯುತ್ತದೆ. ಆದರೆ ಬೆಳ್ಳುಳ್ಳಿಯೊಳಗಿನ ನೀರನ್ನು ತೆಗೆಯುವುದಿಲ್ಲ, ಹುಳಿಯನ್ನೂ ನೀಡುವುದಿಲ್ಲ. ಸಾಂಪ್ರದಾಯಿಕ ಬೆಳ್ಳುಳ್ಳಿ ಉಪ್ಪಿನಕಾಯಿಯು ಸುರಕ್ಷಿತವಾಗಿ ನಿಲ್ಲುವುದು ಅದರಲ್ಲಿನ ನಿಂಬೆಹುಳಿ ಮತ್ತು ಉಪ್ಪಿನಿಂದ.

ಒಂದಕ್ಕಿಂತ ಹೆಚ್ಚು ತಡೆಗಳು

ಜರ್ಮನಿಯ ಆಹಾರ ವಿಜ್ಞಾನಿ ಲೋಥರ್ ಲೈಸ್ಟ್ನರ್ ಅವರು 1970ರ ದಶಕದಲ್ಲಿ ಈ ಅಂಶಗಳನ್ನು ಒಟ್ಟಾಗಿ ನೋಡುವ ಕ್ರಮವೊಂದನ್ನು ಪ್ರತಿಪಾದಿಸಿದರು. ಓಟದ ಸ್ಪರ್ಧೆಯಲ್ಲಿನ ಹರ್ಡಲ್‌ಗಳಂತೆ, ಸೂಕ್ಷ್ಮಾಣುವಿನ ಎದುರು ಹಲವು ತಡೆಗಳನ್ನಿಟ್ಟರೆ ಪ್ರತಿಯೊಂದೂ ಸಾಧಾರಣ ಎತ್ತರದ್ದಾಗಿದ್ದರೂ ಒಟ್ಟಾಗಿ ಅದನ್ನು ನಿಲ್ಲಿಸುತ್ತವೆ ಎಂಬುದು ಇದರ ತಿರುಳು. ರಾಜ್ಯದ ಪರಿಚಿತ ಪದಾರ್ಥಗಳನ್ನು ಈ ದೃಷ್ಟಿಯಿಂದ ಹೀಗೆ ಪರಿಶೀಲಿಸಬಹುದು.

ಮಾವು, ನಿಂಬೆಯ ಉಪ್ಪಿನಕಾಯಿ: ಹುಳಿ ಮತ್ತು ಉಪ್ಪು ಮುಖ್ಯ ತಡೆಗಳು, ಎಣ್ಣೆ ಬೂಷ್ಟಿಗೆ ತಡೆ. ಉಪ್ಪನ್ನು ಇಳಿಸಿದರೆ ಯೀಸ್ಟ್ ಬೆಳೆದು ಅನಿಲ ಉಂಟಾಗಿ ಪೊಟ್ಟಣ ಉಬ್ಬುವ ಸಂಭವ ಹೆಚ್ಚು.

ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಖಡಕ್ ರೊಟ್ಟಿ: ಕಡಿಮೆ ಲಭ್ಯಜಲವೊಂದೇ ತಡೆ. ತೇವವನ್ನು ತಡೆಯದ ಪೊಟ್ಟಣ ಬಳಸಿದರೆ ಉಳಿದ ಶ್ರಮ ವ್ಯರ್ಥ.

ಪುಳಿಯೋಗರೆ ಗೊಜ್ಜು: ಹುಣಸೆಯ ಹುಳಿ, ಉಪ್ಪು, ಬೆಲ್ಲ ಹಾಗೂ ದೀರ್ಘಕಾಲದ ಕುದಿತ. ಹಲವು ತಡೆಗಳು ಒಟ್ಟಾಗಿರುವುದಕ್ಕೆ ಉತ್ತಮ ಉದಾಹರಣೆ.

ಪೇಢಾ, ಕುಂದಾ: ಸಕ್ಕರೆ ಮತ್ತು ಹಾಲನ್ನು ಇಂಗಿಸುವಿಕೆ. ಮೃದುತ್ವಕ್ಕಾಗಿ ಕಡಿಮೆ ಇಂಗಿಸಿದರೆ ಅಥವಾ ಸಕ್ಕರೆ ಇಳಿಸಿದರೆ ಬಾಳಿಕೆಯೂ ಇಳಿಯುತ್ತದೆ.

ದೋಸೆ, ಇಡ್ಲಿ ಹಿಟ್ಟು: ಹುದುಗುವಾಗ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಉತ್ಪಾದಿಸುವ ಹುಳಿ, ಜೊತೆಗೆ ಶೀತಕದ ತಂಪು. ಸಾಗಾಣಿಕೆಯಲ್ಲಿ ತಂಪು ತಪ್ಪಿದರೆ ಹುದುಗುವಿಕೆ ಮುಂದುವರಿದು ಪೊಟ್ಟಣ ಉಬ್ಬುತ್ತದೆ.

ಹೋಳಿಗೆ, ಕಾಯಿ ಚಟ್ನಿ: ಹೋಳಿಗೆಯ ಹೂರಣದಲ್ಲಿ ಬೆಲ್ಲವಿದ್ದರೂ ತೇವ ಹೆಚ್ಚು, ಹುಳಿಯಿಲ್ಲ. ಕಾಯಿ ಚಟ್ನಿಯಲ್ಲಿ ಗಟ್ಟಿಯಾದ ತಡೆಯೇ ಇಲ್ಲ. ತಂಪು ಮತ್ತು ಅಲ್ಪಾವಧಿಯ ಮಾರಾಟವೇ ಇವಕ್ಕೆ ರಕ್ಷಣೆ.

ಒಂದೇ ತಡೆಯನ್ನು ನೆಚ್ಚಿಕೊಂಡ ಪದಾರ್ಥದಲ್ಲಿ ಆ ತಡೆಯನ್ನು ಸಡಿಲಿಸುವಂತಿಲ್ಲ. ಒಂದನ್ನು ಇಳಿಸಲೇಬೇಕಾದರೆ ಇನ್ನೊಂದನ್ನು ಏರಿಸಬೇಕು. ಉದಾಹರಣೆಗೆ, ಪದಾರ್ಥದ ಜಲಭಾಗದಲ್ಲಿ ಶೇ. 10ರಷ್ಟು ಉಪ್ಪಿದ್ದರೆ ಉಪ್ಪೊಂದೇ ಬಾಟ್ಯುಲಿನಮ್ ಅನ್ನು ತಡೆಯಬಲ್ಲದು. ಅದನ್ನು ಅರ್ಧಕ್ಕೆ ಇಳಿಸಿದಾಗ ಪಿಎಚ್ 4.6ಕ್ಕಿಂತ ಕೆಳಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅನಿವಾರ್ಯ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ತಯಾರಿಸುವ ಪ್ರತಿಯೊಂದು ಪದಾರ್ಥಕ್ಕೂ ಅದನ್ನು ಕಾಯುವ ತಡೆ ಯಾವುದು, ಅದರ ಮಿತಿ ಎಷ್ಟು ಎಂಬುದನ್ನು ಬರೆದಿಡಬೇಕು.

2. ಉಪ್ಪು, ಸಕ್ಕರೆ, ಹುಳಿ, ಕುದಿತದ ಅವಧಿ, ಪೊಟ್ಟಣದ ಬಗೆ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಅದನ್ನು ಹೊಸ ಪದಾರ್ಥವೆಂದೇ ಪರಿಗಣಿಸಿ ಬಾಳಿಕೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

3. ಪಿಎಚ್ ಮಾಪಕವನ್ನು ಇಟ್ಟುಕೊಂಡು, 4 ಮತ್ತು 7ರ ಪ್ರಮಾಣಿತ ದ್ರಾವಣಗಳಿಂದ ಅದನ್ನು ಸರಿಹೊಂದಿಸಿ, ಪ್ರತಿ ತಂಡದ ಅಳತೆಯನ್ನು ದಾಖಲಿಸಬೇಕು. ಲಭ್ಯಜಲದ ಪರೀಕ್ಷೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಬಹುದು.

4. ಪ್ರತಿ ತಂಡದ ಕೆಲವು ಪೊಟ್ಟಣಗಳನ್ನು ಬಾಳಿಕೆ ಅವಧಿ ಮುಗಿಯುವವರೆಗೆ ತೆಗೆದಿಟ್ಟು ಆಗಾಗ ಪರಿಶೀಲಿಸಬೇಕು. ಮಳೆಗಾಲದ ಫಲಿತಾಂಶವನ್ನೇ ಬಾಳಿಕೆಗೆ ಆಧಾರವಾಗಿಟ್ಟುಕೊಳ್ಳುವುದು ಲೇಸು.

5. ಇತರರಿಂದ ಖರೀದಿಸುವ ಪೇಸ್ಟ್, ಪಾಕ, ಮಸಾಲೆಗಳ ಸಂಯೋಜನೆಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಬದಲಾವಣೆಯಾದರೆ ಮುಂಚಿತವಾಗಿ ತಿಳಿಸಬೇಕೆಂಬ ಷರತ್ತನ್ನು ಖರೀದಿ ಆದೇಶದಲ್ಲಿಯೇ ಸೇರಿಸಬೇಕು.

6. ಉಬ್ಬಿದ ಡಬ್ಬಿ ಅಥವಾ ಪೊಟ್ಟಣವನ್ನು ರುಚಿ ನೋಡಿ ಪರೀಕ್ಷಿಸಬಾರದು. ಮಾರಾಟದಿಂದ ಕೂಡಲೇ ಹಿಂತೆಗೆಯಬೇಕು.

ಕಾನೂನಿನ ಹೊಣೆ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 27ನೇ ಕಲಮು ತಯಾರಕರ ಜೊತೆಗೆ ಸಗಟು ವ್ಯಾಪಾರಿ, ವಿತರಕ ಮತ್ತು ಚಿಲ್ಲರೆ ಮಾರಾಟಗಾರರ ಹೊಣೆಯನ್ನೂ ನಿಗದಿಪಡಿಸಿದೆ. ಅವಧಿ ಮೀರಿದ ಪದಾರ್ಥವನ್ನು ಸರಬರಾಜು ಮಾಡಿದ, ತಯಾರಕರ ಸುರಕ್ಷತಾ ಸೂಚನೆಗೆ ವಿರುದ್ಧವಾಗಿ ದಾಸ್ತಾನು ಮಾಡಿದ ವರ್ತಕರು ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. 28ನೇ ಕಲಮಿನಂತೆ, ಪದಾರ್ಥವು ಕಾಯಿದೆಗೆ ಅನುಗುಣವಾಗಿಲ್ಲವೆಂದು ತಿಳಿದ ಕೂಡಲೇ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯುವ ಕ್ರಮ ಕೈಗೊಳ್ಳಬೇಕು. ಆಹಾರ ಸೇವನೆಯಿಂದ ಗ್ರಾಹಕರು ಮೃತಪಟ್ಟರೆ 65ನೇ ಕಲಮು ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸುತ್ತದೆ. ತಯಾರಕರ ಬಳಿ ಪಿಎಚ್, ಉಷ್ಣತೆ ಮತ್ತು ತಂಡಗಳ ದಾಖಲೆಗಳಿದ್ದರೆ ಯಾವ ತಂಡದಲ್ಲಿ ದೋಷವಿದೆಯೆಂದು ಗುರುತಿಸಿ ಅಷ್ಟನ್ನೇ ಹಿಂಪಡೆಯಬಹುದು. ಇಲ್ಲದಿದ್ದರೆ ಮಾರುಕಟ್ಟೆಯಲ್ಲಿರುವ ಎಲ್ಲವನ್ನೂ ಹಿಂಪಡೆಯಬೇಕಾದ ನಷ್ಟ ಒದಗುತ್ತದೆ.

ಪಾಕ ಮತ್ತು ಬಾಳಿಕೆಯ ಕುರಿತು ತಾಂತ್ರಿಕ ನೆರವು ಬೇಕಾದವರಿಗೆ 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ರಾಜ್ಯದಲ್ಲಿಯೇ ಇದೆ. ಬ್ರಿಟನ್ನಿನ ಆ ಡಬ್ಬಿಗಳು ಕಾರ್ಖಾನೆಯಿಂದ ಹೊರಬೀಳುವ ಮೊದಲು ಬದಲಾದ ಪಾಕಕ್ಕೆ ಎಷ್ಟು ಶಾಖ ಬೇಕೆಂಬುದನ್ನು ಪರೀಕ್ಷಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು. ಪಾಕವನ್ನು ಬದಲಿಸುವ ಉದ್ದಿಮೆದಾರರು ಹೊಸ ಲೇಬಲ್ ಮುದ್ರಣಕ್ಕೆ ಕಳುಹಿಸುವ ಮೊದಲು ಬಾಳಿಕೆಯ ಪರೀಕ್ಷೆಯನ್ನು ಪೂರೈಸಿಕೊಳ್ಳುವುದು ಗ್ರಾಹಕರ ಹಿತಕ್ಕೂ ವ್ಯಾಪಾರದ ಹಿತಕ್ಕೂ ಒಳ್ಳೆಯದು.